ಅತ್ತೆಯವರ ಪಟ್ಟಿ ಹಿಡಿದು ಮೇಲುಕೋಟೆಗೆ

ಪ್ರವಾಸ ಎಂದರೆ ನಮ್ಮಂಥ ಗೃಹಿಣಿಯರಿಗೆ ಏನು ಹೇಳಿ ಸೋದರಿಯರೇ? ಹಿಂದಿನ ರಾತ್ರಿ ಹನ್ನೊಂದರ ತನಕ ಚಪಾತಿ ಲಟ್ಟಿಸಿ, ಬೆಳಗಿನ ಜಾವ ನಾಲ್ಕಕ್ಕೆದ್ದು ಚಿತ್ರಾನ್ನ ಕಲಸಿ, ಎಲ್ಲರ ಬಟ್ಟೆ ಜೋಡಿಸಿ, ಹಾಲಿನವನಿಗೆ ಹೇಳಿ, ಬಾಗಿಲಿಗೆ ಬೀಗ ಹಾಕಿ, ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿ ಹೊರಡುವುದು. ಹೋದ ಕಡೆ ದೇವರಿಗಿಂತ ಚಪ್ಪಲಿ, ಚೀಲ, ಮಕ್ಕಳ ಮೇಲೇ ಕಣ್ಣು. ಗೋಪುರದ ಮುಂದೆ ಸಾಲಾಗಿ ನಿಂತು ಒಂದು ಫೋಟೊ. ಊರಿಗೆ ಬಂದು ಅದನ್ನು ಅಕ್ಕಪಕ್ಕದವರಿಗೆ ತೋರಿಸಿದರೆ ಪ್ರವಾಸ ಮುಗಿಯಿತು.

ನಾನೂ ನನ್ನ ನಲವತ್ತಾರು ವರ್ಷದಲ್ಲಿ ಇಂಥವೇ ಪ್ರವಾಸ ಮಾಡಿದವಳು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಮೇಲುಕೋಟೆಗೆ ಹೋಗಿ ಬಂದದ್ದು ಮಾತ್ರ ಬೇರೆ ತರಹದ್ದು. ಅಲ್ಲಿ ನಾನು ತೆಗೆದ ಒಂದು ಫೋಟೊದಲ್ಲೂ ನಾನಿಲ್ಲ. ಹಾಗೆ ತೆಗೆದವುಗಳಲ್ಲಿ ಒಂದನ್ನು ಮನೆಯವರಿಂದಲೇ ಬಚ್ಚಿಟ್ಟು ದೊಡ್ಡ ತಪ್ಪು ಮಾಡಿದೆ. ಆ ಕಥೆಯನ್ನು ಹೇಳಿಬಿಡುತ್ತೇನೆ.

"ಮುಂದಿನ ವರ್ಷ ಹೋಗೋಣ"

ನಮ್ಮ ಅತ್ತೆಯವರ ತೌರೂರು ಮೇಲುಕೋಟೆ. ಅವರ ತಂದೆ ಅಲ್ಲಿ ಕೈಮಗ್ಗದಲ್ಲಿ ಪಂಚೆ ನೇಯುತ್ತಿದ್ದವರು. ಹದಿನೈದು ತುಂಬುವುದರೊಳಗೆ ಮದುವೆಯಾಗಿ ತಿಪಟೂರಿಗೆ ಬಂದ ಅತ್ತೆಯವರಿಗೆ ಈಗ ಎಂಬತ್ತನಾಲ್ಕು. ತಂದೆ ತಾಯಿ ತೀರಿಕೊಂಡ ಮೇಲೆ ಅಣ್ಣ ತಮ್ಮಂದಿರು ಕೆಲಸ ಹುಡುಕಿಕೊಂಡು ಊರು ಬಿಟ್ಟರು. ಮನೆಗೆ ಬೀಗ ಬಿತ್ತು. ತೌರಿನಲ್ಲಿ ಕರೆಯುವವರಿಲ್ಲದ ಹೆಣ್ಣಿಗೆ ತೌರೂರಿಗೆ ಹೋಗಲು ನೆಪವೂ ಇರುವುದಿಲ್ಲ ನೋಡಿ.

ಪ್ರತಿ ವರ್ಷ ವೈರಮುಡಿಯ ಹೊತ್ತಿಗೆ ಅತ್ತೆಯವರು, "ಈ ಸಲ ಒಂದ್ಸಲ ಹೋಗಿ ಬರೋಣ್ವಾ?" ಎನ್ನುವರು. ನಾವು, "ಮುಂದಿನ ವರ್ಷ ಹೋಗೋಣಮ್ಮ" ಎನ್ನುವೆವು. ಒಂದು ವರ್ಷ ಮಕ್ಕಳ ಪರೀಕ್ಷೆ, ಒಂದು ವರ್ಷ ಮನೆ ರಿಪೇರಿ, ಮತ್ತೊಂದು ವರ್ಷ ಕೈಯಲ್ಲಿ ಹಣವಿಲ್ಲ. ಕಳೆದ ದಸರೆಯಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಹಾಲಿನಿಂದ ಬಚ್ಚಲಿಗೆ, ಬಚ್ಚಲಿಂದ ಹಾಲಿಗೆ, ಅಷ್ಟೇ ಅವರ ತಿರುಗಾಟ. ಮುಂದಿನ ವರ್ಷ ಎಂಬ ಮಾತನ್ನು ಆಡಲು ಈಗ ನಮಗೇ ಬಾಯಿ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಅತ್ತೆಯವರಿಗೂ ನನಗೂ ಅಂಥ ಸಲಿಗೆ ಏನೂ ಇರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವರು ನನಗೆ ಹೇಳಿದ್ದೇ ಹೆಚ್ಚು, ಕೇಳಿದ್ದು ಇಲ್ಲವೇ ಇಲ್ಲ. ಸಾರಿಗೆ ಉಪ್ಪು ಸಾಲದು, ರಂಗೋಲಿ ಸೊಟ್ಟ, ಮಗಳಿಗೆ ಸಲಿಗೆ ಜಾಸ್ತಿ, ಹೀಗೆ. ಅಂಥವರು ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ನಿನ್ನ ಮಗಳ ಮೊಬೈಲಲ್ಲಿ ಫೋಟೊ ಚೆನ್ನಾಗಿ ಬರುತ್ತಲ್ವೇನೇ? ನೀವಿಬ್ರೂ ಹೋಗಿ ನಮ್ಮೂರನ್ನ ಹಿಡಕೊಂಡು ಬನ್ನಿ. ನಾನು ಇಲ್ಲೇ ನೋಡ್ತೀನಿ" ಎಂದರು. ಹಳೆ ಕ್ಯಾಲೆಂಡರಿನ ಹಿಂದೆ ನಡುಗುವ ಅಕ್ಷರದಲ್ಲಿ ಪಟ್ಟಿಯನ್ನೂ ಬರೆದಿಟ್ಟಿದ್ದರು. ತೇರಿನ ಬೀದಿ, ರಾಯಗೋಪುರ, ಅಕ್ಕತಂಗಿ ಕೊಳ, ಬೆಟ್ಟದ ಮೇಲಿಂದ ಊರು, ಕಲ್ಯಾಣಿ ಮೆಟ್ಟಿಲು. ಕೊನೆಯಲ್ಲಿ, ಗೆರೆ ಎಳೆದು, ನಮ್ಮ ಮನೆ.

ನಮ್ಮವರು, "ನೀವಿಬ್ಬರೇ ಹೋಗ್ತೀರಾ?" ಎಂದು ಒಂದು ಸಲ ಕೇಳಿ ಸುಮ್ಮನಾದರು. ಎರಡು ದಿನ ಅಮ್ಮನನ್ನು ನೋಡಿಕೊಳ್ಳಲು ರಜೆ ಹಾಕಿದರು.

ಬೆಟ್ಟದ ಮೇಲಿನ ಪುಟ್ಟ ಊರು

ಮೇಲುಕೋಟೆ ಇರುವುದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನಲ್ಲಿ. ಮೈಸೂರಿನಿಂದ ಸುಮಾರು 50 ಕಿಲೋಮೀಟರು. ನಾವು ತುರುವೇಕೆರೆ, ನಾಗಮಂಗಲದ ಮೇಲೆ ಬಸ್ಸು ಬದಲಾಯಿಸುತ್ತಾ ಹೋದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ, ಗುರುತಿನ ಚೀಟಿ ತೋರಿಸಿದರಾಯಿತು. ಜಕ್ಕನಹಳ್ಳಿಯಲ್ಲಿ ದೊಡ್ಡ ರಸ್ತೆ ಬಿಟ್ಟು ಬಸ್ಸು ಬೆಟ್ಟ ಏರತೊಡಗಿದಾಗ, ಕುರುಚಲು ಗಿಡ, ಬಂಡೆಗಳ ನಡುವೆ ತುದಿಯಲ್ಲಿ ಯೋಗನರಸಿಂಹನ ಗುಡಿ ಕಂಡಿತು. ಸುತ್ತಲಿನ ಈ ಕಾಡನ್ನು 1974ರಲ್ಲಿ ತೋಳಗಳ ರಕ್ಷಣೆಗೆಂದು ವನ್ಯಧಾಮ ಮಾಡಿದ್ದಾರೆ. ಅತ್ತೆಯವರು ಮಗುವಾಗಿದ್ದಾಗ ರಾತ್ರಿ ತೋಳ ಕೂಗಿದರೆ ಅವರಮ್ಮ ತಟ್ಟಿ ಮಲಗಿಸುತ್ತಿದ್ದರಂತೆ.

ಈ ಊರನ್ನು ಯದುಗಿರಿ, ತಿರುನಾರಾಯಣಪುರ ಎಂದೂ ಕರೆಯುತ್ತಾರೆ. 12ನೆಯ ಶತಮಾನದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಇಲ್ಲಿ ಹತ್ತು ಹನ್ನೆರಡು ವರ್ಷ ನೆಲೆಸಿದ್ದರು. ಗುಡಿಯೊಳಗೆ ಯಾರೂ ಬಿಡದಿದ್ದ ಜನರನ್ನು ತಿರುಕುಲದವರು ಎಂದು ಗೌರವದಿಂದ ಕರೆದು ವರ್ಷದಲ್ಲಿ ಕೆಲವು ದಿನ ದೇವರ ದರ್ಶನಕ್ಕೆ ಅವಕಾಶ ಮಾಡಿಕೊಟ್ಟವರು ಅವರು ಎಂದು ಇಲ್ಲಿನವರು ಹೇಳುತ್ತಾರೆ.

ಊರು ಎಷ್ಟು ಚಿಕ್ಕದೆಂದರೆ, ಚೀಲ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೂ ಕೈ ನೋಯುವುದಿಲ್ಲ. ಕಲ್ಲಿನ ಕಟ್ಟೆಗಳು, ಜಗಲಿ ಇರುವ ಹೆಂಚಿನ ಮನೆಗಳು, ಮರದ ಕಂಬಗಳು. ನಡುವೆ ಅಲ್ಲಲ್ಲಿ ಹೊಸ ತಾರಸಿ ಮನೆಗಳು, ಅಲ್ಲಲ್ಲಿ ಬೀಗ ಹಾಕಿ ಗಿಡ ಬೆಳೆದ ಮನೆಗಳು. ಒಂದು ಛತ್ರದಲ್ಲಿ ಕೋಣೆ ಹಿಡಿದು, ಮುಖ ತೊಳೆದು ಹೊರಟೆವು.

ಮೊದಲು ಚೆಲುವನಾರಾಯಣಸ್ವಾಮಿಯ ಗುಡಿ. ಮೂಲ ದೇವರು ತಿರುನಾರಾಯಣ, ಉತ್ಸವಮೂರ್ತಿ ಚೆಲುವಪಿಳ್ಳೆ. ಈ ಚೆಲುವಪಿಳ್ಳೆ ಡೆಲ್ಲಿಯ ಸುಲ್ತಾನನ ಮನೆಯಲ್ಲಿತ್ತಂತೆ. ರಾಮಾನುಜರು ಹೋಗಿ ತಂದಾಗ, ಅದನ್ನೇ ಗೊಂಬೆಯಂತೆ ಆಡಿಸಿಕೊಂಡಿದ್ದ ಸುಲ್ತಾನನ ಮಗಳು ಬಿಟ್ಟಿರಲಾರದೆ ಹಿಂದೆಯೇ ಹೊರಟು ಬಂದಳಂತೆ. ಅವಳೇ ಬೀಬಿ ನಾಚ್ಚಿಯಾರ್. ಅವಳಿಗೂ ಇಲ್ಲಿ ಪೂಜೆಯಿದೆ. ಯಾವುದೋ ಊರಿನ ಹೆಣ್ಣುಮಗಳು ಇನ್ನಾವುದೋ ಊರಿಗೆ ಬಂದು ಅಲ್ಲಿಯವಳೇ ಆಗಿಬಿಡುವ ಈ ಕಥೆ ಕೇಳಿದಾಗ, ಹೊಸಿಲು ದಾಟಿ ಬಂದ ನಮ್ಮೆಲ್ಲರ ನೆನಪೂ ಆಗುತ್ತದೆ.

ಇಲ್ಲಿನ ದೊಡ್ಡ ಉತ್ಸವ ವೈರಮುಡಿ, ಫಾಲ್ಗುಣ ಮಾಸದಲ್ಲಿ. ಆ ವಜ್ರದ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಕಾವಲಿನಲ್ಲಿ ತರುತ್ತಾರೆ. ರಾತ್ರಿ ದೇವರಿಗೆ ಮುಡಿಸುವ ತನಕ ಬರಿಗಣ್ಣಿಂದ ಅದನ್ನು ನೋಡಬಾರದೆಂಬ ಸಂಪ್ರದಾಯವಿದೆ. ರಾಜಮುಡಿ ಎಂಬ ಇನ್ನೊಂದು ಕಿರೀಟವಿದೆ, ಅದು ಮೈಸೂರಿನ ರಾಜ ಒಡೆಯರು ಕೊಟ್ಟದ್ದು. ಉತ್ಸವಕ್ಕೆ ಜನಸಾಗರವೇ ಸೇರುತ್ತದೆ. ದೇವರನ್ನು ನೋಡಬೇಕಾದರೆ ಆಗ ಹೋಗಿ. ಊರನ್ನು ನೋಡಬೇಕಾದರೆ ಬೇರೆ ದಿನ ಹೋಗಿ.

ಗರ್ಭಗುಡಿಯ ಫೋಟೊ ತೆಗೆಯುವಂತಿಲ್ಲ, ನಾವು ಕೇಳಲೂ ಇಲ್ಲ. ಹೊರಗೆ ತೇರಿನ ಬೀದಿಯ ಫೋಟೊ ತೆಗೆದೆವು. ಸಂಜೆ ರಾಯಗೋಪುರಕ್ಕೆ ಹೋದೆವು. ನಾಲ್ಕು ಎತ್ತರದ ಕಲ್ಲಿನ ಕಂಬಗಳು, ಮೈತುಂಬ ಕೆತ್ತನೆ, ಮೇಲೆ ಗೋಪುರವೇ ಇಲ್ಲ! ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು, ಬೆಳಗಾಗಿಬಿಟ್ಟಿತು, ಅಷ್ಟಕ್ಕೇ ನಿಂತಿತು ಎಂದು ಕಥೆ. ಸಿನಿಮಾದವರಿಗೆ ಇದು ಅಚ್ಚುಮೆಚ್ಚಿನ ಜಾಗ. ನೀವೂ ಎಷ್ಟೋ ಹಾಡುಗಳಲ್ಲಿ ಊರಿನ ಹೆಸರು ತಿಳಿಯದೆಯೇ ಇದನ್ನು ನೋಡಿರುತ್ತೀರಿ. ಇಳಿಬಿಸಿಲು ಕಂಬಗಳ ಮೇಲೆ ಓರೆಯಾಗಿ ಬಿದ್ದಾಗ ಕೆತ್ತನೆಗಳೆಲ್ಲ ಎದ್ದು ಕಂಡವು. "ನೆತ್ತಿ ಬಿಸಿಲಲ್ಲಿ ತೆಗೆದಿದ್ರೆ ಎಲ್ಲಾ ಚಪ್ಪಟೆ ಕಾಣ್ತಿತ್ತಮ್ಮ" ಎಂದಳು ಮಗಳು. ಅವಳಿಂದ ನಾನು ಕಲಿತ ಮೊದಲ ಪಾಠ ಇದು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ, ಫೋಟೊಕ್ಕೆ ಅದೇ ಸರಿಯಾದ ಹೊತ್ತು.

ಅಕ್ಕತಂಗಿ ಕೊಳವೂ ಹತ್ತಿರದಲ್ಲೇ. ಪಕ್ಕಪಕ್ಕದಲ್ಲಿ ಎರಡು ಕೊಳ. ಒಂದರ ನೀರು ಕುಡಿಯುವುದಕ್ಕೆ, ಇನ್ನೊಂದರದು ಉಳಿದ ಬಳಕೆಗೆ ಎಂದು ವಾಡಿಕೆಯಂತೆ. ಒಳ್ಳೆಯ ನೀರಿನದು ಅಕ್ಕನದೋ ತಂಗಿಯದೋ ಎಂದು ಇಬ್ಬರನ್ನು ಕೇಳಿದೆ, ಎರಡು ಉತ್ತರ ಬಂತು. ನಾನು ಮನೆಯಲ್ಲಿ ಹಿರಿಯಳಾದ್ದರಿಂದ ಅಕ್ಕನ ಪಕ್ಷ ವಹಿಸಿದೆ.

"ನನ್ನ ಕೇಳಿದ್ಯಾ?"

ಮರುದಿನ ಬೆಳಕು ಹರಿಯುವ ಹೊತ್ತಿಗೇ ಬೆಟ್ಟ ಹತ್ತಿದೆವು. ಮೆಟ್ಟಿಲು ಎಣಿಸುತ್ತಾ ಹೊರಟವಳಿಗೆ ನಡುವೆ ಒಂದು ಕೋತಿ ಹೂವಿನ ಪೊಟ್ಟಣ ಕಿತ್ತುಕೊಂಡು ಲೆಕ್ಕ ತಪ್ಪಿಹೋಯಿತು. (ಕೈಯಲ್ಲಿ ತಿಂಡಿ, ಹಣ್ಣು, ಪ್ಲಾಸ್ಟಿಕ್ ಚೀಲ ಕಾಣುವಂತೆ ಹಿಡಿಯಬೇಡಿ ಸೋದರಿಯರೇ. ಮೊಬೈಲನ್ನೂ ಭದ್ರವಾಗಿ ಹಿಡಿಯಿರಿ.) ಮೇಲೆ ಯೋಗಾಸನದಲ್ಲಿ ಕುಳಿತ ನರಸಿಂಹ. ಪ್ರಹ್ಲಾದನೇ ಪ್ರತಿಷ್ಠೆ ಮಾಡಿದ್ದೆಂದು ನಂಬಿಕೆ. ಕೈಮುಗಿದು ಹೊರಬಂದು ಕೆಳಗೆ ನೋಡಿದರೆ ಇಡೀ ಮೇಲುಕೋಟೆ ತಟ್ಟೆಯಲ್ಲಿಟ್ಟ ಹಾಗೆ ಕಂಡಿತು. ಹೆಂಚಿನ ಮಾಡುಗಳು, ನಡುವೆ ಗುಡಿ, ಪಕ್ಕದಲ್ಲಿ ಚೌಕವಾದ ಕಲ್ಯಾಣಿ, ಅಡುಗೆಮನೆಗಳಿಂದ ಏಳುವ ಹೊಗೆ. ಈ ಒಂದು ಫೋಟೊವನ್ನು ಹತ್ತು ಸಲ ತೆಗೆಸಿದೆ.

ಇಳಿದು ಕಲ್ಯಾಣಿಗೆ ಬಂದಾಗ ಏಳೂವರೆ. ಸುತ್ತಲೂ ಕಂಬಗಳ ಮಂಟಪಗಳು, ನಾಲ್ಕೂ ಕಡೆ ಮೆಟ್ಟಿಲು, ನೀರಿನಲ್ಲಿ ಬೆಟ್ಟದ ನೆರಳು. ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಅಜ್ಜಿ ಕೂತು ಸೀರೆಯನ್ನು ನೀರಲ್ಲಿ ಅಲುಗಿಸುತ್ತಿದ್ದರು. ಬಿಳಿ ಕೂದಲು, ಕೆಂಪು ಸೀರೆ, ಕಪ್ಪು ಕಲ್ಲು. ಎಷ್ಟು ಚೆನ್ನಾಗಿದೆ ಅನ್ನಿಸಿ ಮಗಳ ಕೈಯಿಂದ ಮೊಬೈಲು ಇಸಕೊಂಡು ನಾನೇ ಕ್ಲಿಕ್ ಮಾಡಿದೆ.

ಅಜ್ಜಿ ತಿರುಗಿ ನೋಡಿ, "ಏನಮ್ಮ, ನನ್ನ ಕೇಳಿದ್ಯಾ?" ಎಂದರು.

ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ನನ್ನ ಮನೆ ಹಿತ್ತಲಲ್ಲಿ ನಾನು ಸೆರಗು ಸಿಕ್ಕಿಸಿ ಪಾತ್ರೆ ತಿಕ್ಕುವಾಗ ಯಾರೋ ದಾರಿಹೋಕರು ಫೋಟೊ ತೆಗೆದರೆ ನಾನು ಬಿಡುತ್ತಿದ್ದೆನೇ? "ತಪ್ಪಾಯ್ತು ಅಜ್ಜಿ" ಎಂದು ಅವರ ಮುಂದೆಯೇ ಅದನ್ನು ಅಳಿಸಿದೆ. ಅಜ್ಜಿ ಸೀರೆ ಹಿಂಡಿ ಹೆಗಲ ಮೇಲೆ ಹಾಕಿಕೊಂಡು, ಕೂದಲು ಸವರಿ ಗಂಟು ಹಾಕಿ, ಸೆರಗು ಸರಿಮಾಡಿ ಮೇಲೆ ಬಂದು ನಿಂತರು. "ಹ್ಞೂ, ಈಗ ತೆಗಿ. ನನಗೂ ಒಂದು ಕಳಿಸ್ಬೇಕು" ಎಂದರು. ಆ ಫೋಟೊ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಮೊದಲಿನದರಲ್ಲಿ ಇದ್ದದ್ದು ಒಂದು ಬೆನ್ನು. ಇದರಲ್ಲಿ ಒಂದು ಮುಖ ಇತ್ತು.

ಮಾತಿಗೆ ಮಾತು ಬೆಳೆದು ಬಂದ ಕಾರಣ ಹೇಳಿದೆ. ಅತ್ತೆಯವರ ತಂದೆಯ ಹೆಸರು ಹೇಳಿದ ಕೂಡಲೇ ಅಜ್ಜಿ, "ಅಯ್ಯೋ, ಮಗ್ಗದ ಮನೆ! ಆ ಹುಡುಗಿ ಮದುವೇಲಿ ನಾನು ಐದಾರು ವರ್ಷದವಳು, ಹೋಳಿಗೆ ತಿಂದಿದ್ದು ನೆನಪಿದೆ. ಬಾ ತೋರಿಸ್ತೀನಿ" ಎಂದು ಮುಂದೆ ನಡೆದೇಬಿಟ್ಟರು. ಎಂಬತ್ತನಾಲ್ಕರ ನಮ್ಮ ಅತ್ತೆಯವರು ಈ ಊರಿನಲ್ಲಿ ಇನ್ನೂ "ಆ ಹುಡುಗಿ"!

ಮಗ್ಗದ ಮನೆ

ಮನೆಯ ಮುಂಭಾಗ ನಿಂತಿತ್ತು. ಕಲ್ಲು ಚಪ್ಪಡಿಯ ಜಗಲಿ, ಎರಡು ಮರದ ಕಂಬ, ತುಕ್ಕು ಹಿಡಿದ ಬೀಗ. ಜಗಲಿಯ ಕಲ್ಲಿನ ಮೇಲೆ ಐದೈದು ಮನೆಯ ಚೌಕಾಬಾರ ಕೊರೆದದ್ದು ಸವೆದು ಸವೆದು ಇನ್ನೂ ಕಾಣುತ್ತಿತ್ತು. ಮಗಳು ಅದರ ಫೋಟೊ ತೆಗೆದಳು. ಆದರೆ ಕಿಟಕಿಯ ಮುರಿದ ಸಂದಿಯಿಂದ ಒಳಗೆ ಇಣುಕಿದಾಗ ನನ್ನ ಎದೆ ಧಸಕ್ಕೆಂದಿತು. ಮಾಡು ಪೂರ್ತಿ ಕುಸಿದಿತ್ತು. ಹೆಂಚಿನ ರಾಶಿ, ಮುರಿದ ತೊಲೆ, ಗೋಡೆಯ ಮಣ್ಣು ಕರಗಿ ಇಳಿದ ಗುರುತು, ಮೇಲೆ ಬರೀ ಆಕಾಶ. ಅಡುಗೆಮನೆ ಇದ್ದ ಕಡೆ ಆಳುದ್ದ ಗಿಡ. ನಡುಮನೆಯ ಒಂದು ಮೂಲೆಯಲ್ಲಿ ಚೌಕವಾದ ಹಳ್ಳ, ಅದರೊಳಗೂ ಹೆಂಚಿನ ಚೂರು.

"ಮಕ್ಕಳು ಮರಿ ಎಲ್ಲಾ ಬೆಂಗಳೂರು ಸೇರಿದ್ರು. ಮಳೆಗೆ ಒಂದು ಹೆಂಚು ಸರಿದ್ರೆ ಸರಿಮಾಡೋರಿಲ್ಲ. ಒಂದು ಹೆಂಚಿಂದ ಒಂದು ಮನೆ ಹೋಗುತ್ತೆ ಕಣಮ್ಮ" ಎಂದರು ಅಜ್ಜಿ.

ಕೈ ತನ್ನಷ್ಟಕ್ಕೆ ಒಂದು ಫೋಟೊ ತೆಗೆಯಿತು. ಮಗಳು ನೋಡಿ, "ಅಮ್ಮ, ಇದನ್ನ ಅಜ್ಜಿಗೆ ತೋರಿಸ್ಬೇಡ. ಡಿಲೀಟ್ ಮಾಡು" ಎಂದಳು. ಅಳಿಸಲು ಮನಸ್ಸು ಬರಲಿಲ್ಲ. ತೋರಿಸುವ ಧೈರ್ಯವೂ ಬರಲಿಲ್ಲ.

ಕಲ್ಯಾಣಿಯ ಅಜ್ಜಿ ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಅಂದು ಅವರ ಮನೆಯಲ್ಲಿ ಪುಳಿಯೋಗರೆ, ಮೊಸರನ್ನ. ಮೇಲುಕೋಟೆಯ ಪುಳಿಯೋಗರೆ ನಾಡಿಗೆಲ್ಲ ಹೆಸರಾದದ್ದು, ಬೀದಿಬೀದಿಯಲ್ಲೂ ಮಾರುತ್ತಾರೆ. "ಗುಡಿಯದು ಬೇರೆ, ಅಂಗಡಿಯದು ಬೇರೆ, ಇದು ಮನೇದು" ಎಂದು ಬಡಿಸಿದರು. ಹೇಗೆ ಮಾಡುವುದೆಂದು ಕೇಳಿ ಅದೇ ಕ್ಯಾಲೆಂಡರ್ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಕೊನೆಯಲ್ಲಿ ಕೊಟ್ಟಿದ್ದೇನೆ.

ಬಸ್ಸಿಗೆ ಹೊತ್ತಿತ್ತು. ಕವಿ ಪು.ತಿ. ನರಸಿಂಹಾಚಾರ್ಯರ ಮನೆಯ ಮುಂದೆ ಹಾದು ಬಂದೆವು. 1905ರಲ್ಲಿ ಈ ಊರಿನಲ್ಲಿ ಹುಟ್ಟಿದವರು ಅವರು, 'ಗೋಕುಲ ನಿರ್ಗಮನ' ಬರೆದವರು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ನೋಡಿ ಸಂತೋಷವಾಯಿತು. ಕವಿಯ ಮನೆ ಉಳಿಯಿತು, ನೇಕಾರನ ಮನೆ ಉಳಿಯಲಿಲ್ಲ ಎಂದೂ ಅನ್ನಿಸಿತು. ಹಾಗೆಂದು ಈ ಊರಿನಲ್ಲಿ ನೇಯ್ಗೆಯ ಹೆಸರೇ ಅಳಿಸಿಹೋಗಿಲ್ಲ. 1960ರಲ್ಲಿ ಗಾಂಧಿವಾದಿ ಸುರೇಂದ್ರ ಕೌಲಗಿಯವರು ಇಲ್ಲಿ ಜನಪದ ಸೇವಾ ಟ್ರಸ್ಟ್ ಆರಂಭಿಸಿ, ಖಾದಿ, ಕೈಮಗ್ಗ, ಸಹಜ ಬಣ್ಣದ ಬಟ್ಟೆಗೆ ದಾರಿ ಮಾಡಿದರು. ಮುಂದಿನ ಸಲ ಹೋದರೆ ಅದನ್ನು ನೋಡಿ ಬರಬೇಕೆಂದಿದ್ದೇನೆ.

ಹನ್ನೊಂದು ಫೋಟೊ ಮತ್ತು ಒಂದು

ಮೊಬೈಲಿನ ಪುಟ್ಟ ಪರದೆಯಲ್ಲಿ ಅತ್ತೆಯವರಿಗೆ ಸರಿಯಾಗಿ ಕಾಣುವುದಿಲ್ಲ, ಕೈ ತಗಲಿದರೆ ಚಿತ್ರ ಓಡಿಹೋಗುತ್ತದೆ. ಆದ್ದರಿಂದ ನಮ್ಮೂರಿನ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಹನ್ನೊಂದು ಫೋಟೊ. ಹನ್ನೆರಡನೆಯದನ್ನು ಕೊಡಲಿಲ್ಲ.

ಅತ್ತೆಯವರು ಕನ್ನಡಕ ಒರೆಸಿಕೊಂಡು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ರಾಯಗೋಪುರದ ಕಂಬದ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ತಡವಾಗಿ ಹೋಗಿ ಪೆಟ್ಟು ತಿಂದದ್ದು, ಕಲ್ಯಾಣಿಯಲ್ಲಿ ತಂಬಿಗೆ ಕಳೆದದ್ದು, ವೈರಮುಡಿಯ ರಾತ್ರಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋದದ್ದು, ಎಲ್ಲ ಹೊರಗೆ ಬಂತು. ಇಪ್ಪತ್ತೈದು ವರ್ಷದಲ್ಲಿ ನಾನು ಕೇಳದಿದ್ದ ಮಾತುಗಳು. ಅಜ್ಜಿಯ ಫೋಟೊ ನೋಡಿ, "ಇವಳು ಮೂಗು ಸೋರಿಸ್ಕೊಂಡು ನಮ್ಮ ಹಿಂದೆ ಹಿಂದೆ ಬರ್ತಿದ್ಲು" ಎಂದು ನಕ್ಕರು. ಜಗಲಿಯ ಚೌಕಾಬಾರದ ಮೇಲೆ ಬೆರಳಾಡಿಸಿದರು.

ಆಮೇಲೆ, "ಒಳಗಿನದು?" ಎಂದರು.

"ಬೀಗ ಹಾಕಿತ್ತು ಅತ್ತೆ. ಕಿಟಕೀಲಿ ತೆಗೆದಿದ್ದು ಸರಿಯಾಗಿ ಬರ್ಲಿಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಏನೂ ಹೇಳಲಿಲ್ಲ. ಫೋಟೊಗಳನ್ನು ಜೋಡಿಸಿ ದಿಂಬಿನ ಪಕ್ಕ ಇಟ್ಟರು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಸಾರಿಗೆ ಉಪ್ಪು ಸಾಲದು ಎಂದಾದರೂ ಬೈಯಬಾರದೇ ಅನ್ನಿಸಿತು ನನಗೆ.

ನಮ್ಮವರನ್ನು ಕೇಳಿದೆ. ತೋರಿಸಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದರು. ಮಗಳೂ ಅದನ್ನೇ ಹೇಳಿದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಹಾಸಿಗೆಯಲ್ಲಿ ಹೊರಳಾಡುತ್ತಾ ಯೋಚಿಸಿದೆ. ಈ ಮನೆಯಲ್ಲಿ ನಾವೆಲ್ಲ ಸೇರಿ ಎಷ್ಟು ವರ್ಷದಿಂದ ಅವರ ಬದಲು ತೀರ್ಮಾನ ಮಾಡುತ್ತಾ ಬಂದಿದ್ದೇವೆ! ಹೋಗುವುದು ಬೇಡ, ಆಯಾಸವಾಗುತ್ತದೆ. ತಿನ್ನುವುದು ಬೇಡ, ಜೀರ್ಣವಾಗುವುದಿಲ್ಲ. ಈಗ, ನೋಡುವುದೂ ಬೇಡ. ಪಟ್ಟಿಯಲ್ಲಿ ಗೆರೆ ಎಳೆದು ಬರೆದದ್ದು ಅದೊಂದನ್ನೇ. ಅದನ್ನೇ ಕೊಡದೆ ಉಳಿದ ಹನ್ನೊಂದನ್ನು ಕೊಟ್ಟು ಒಳ್ಳೆಯವಳಾದೆನೇ?

ಬೆಳಿಗ್ಗೆ ಕಾಫಿ ಕೊಡುವಾಗ ಅವರ ಪಕ್ಕ ಕೂತು, "ಅತ್ತೆ, ನಿನ್ನೆ ಸುಳ್ಳು ಹೇಳಿದೆ. ಫೋಟೊ ಇದೆ. ಮನೆ ಬಿದ್ದುಹೋಗಿದೆ" ಎಂದು ಮೊಬೈಲನ್ನು ಅವರ ಮುಂದೆ ಹಿಡಿದೆ. ಚಿತ್ರ ಹೇಗೆ ದೊಡ್ಡದು ಮಾಡುವುದೆಂದು ತೋರಿಸಿದೆ.

ಬಹಳ ಹೊತ್ತು ನೋಡಿದರು. ಕಾಫಿ ಆರಿತು. ಹೆಂಚಿನ ರಾಶಿಯ ಮೇಲಿಂದ, ತೊಲೆಯ ಮೇಲಿಂದ ಬೆರಳು ಜರುಗಿ, ಮೂಲೆಯ ಆ ಚೌಕದ ಹಳ್ಳದ ಮೇಲೆ ನಿಂತಿತು.

"ಗುಂಡಿ ಇದೆ!" ಎಂದರು. ದನಿ ಚಿಕ್ಕ ಹುಡುಗಿಯದಾಗಿತ್ತು.

ಅದು ಮಗ್ಗದ ಗುಂಡಿ. ನೇಯುವವರು ಅದರೊಳಗೆ ಕಾಲಿಳಿಬಿಟ್ಟು ಕೂತು ಕೆಳಗಿನ ತುಳಿಗಳನ್ನು ಕಾಲಿಂದ ತುಳಿಯುತ್ತಾ, ಕೈಯಿಂದ ಲಾಳಿ ಎಸೆಯುತ್ತಾ ನೇಯುತ್ತಿದ್ದರು. ಇವರ ಅಪ್ಪ ಬೆಳಗಿನಿಂದ ದೀಪ ಹಚ್ಚುವ ತನಕ ಅಲ್ಲೇ. ಶಾಲೆಯಿಂದ ಬಂದ ಮಗಳು ಗುಂಡಿಯ ಅಂಚಿನಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತಿಕೊಡುತ್ತಾ ಪಾಠ ಒಪ್ಪಿಸಬೇಕು. ತಪ್ಪಿದರೆ ಅಪ್ಪ ಲಾಳಿ ನಿಲ್ಲಿಸುತ್ತಿದ್ದರಂತೆ. "ನನ್ನ ಮದುವೆಗೆ ಧಾರೆ ಪಂಚೆ ಅಪ್ಪನೇ ಅಲ್ಲಿ ಕೂತು ನೇಯ್ದಿದ್ದು" ಎಂದರು. ನಾನು ಹೆಂಚಿನ ಚೂರು ತುಂಬಿದ ಹಳ್ಳವೆಂದುಕೊಂಡದ್ದು ಅವರಿಗೆ ತೌರುಮನೆಯ ನಡುವೇ ಆಗಿತ್ತು. ನೆಲವನ್ನು ಅಗೆದು ಮಾಡಿದ್ದಾದ್ದರಿಂದ ಮಾಡು ಬಿದ್ದರೂ ಅದು ಉಳಿದಿತ್ತು. ಮಗಳ ಮಾತು ಕೇಳಿ ಆ ದಿನವೇ ಅಳಿಸಿಬಿಟ್ಟಿದ್ದರೆ?

ಅವರು ಅತ್ತರು, ಸುಳ್ಳು ಹೇಳುವುದಿಲ್ಲ. ನಾನೂ ಅತ್ತೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಗೋಡೆ ಬೀಳುತ್ತೆ ಕಣೇ, ನಾನೇ ಬಿದ್ದಿಲ್ವಾ? ಅದನ್ನ ನನ್ನಿಂದ ಮುಚ್ಚಿಡೋದು ಯಾಕೆ?" ಎಂದರು. ಆಮೇಲೆ, "ಇದನ್ನೇ ದೊಡ್ಡದು ಮಾಡಿಸು" ಎಂದರು. ಅಂದು ಸಂಜೆಯೇ ಮಾಡಿಸಿದೆ. ಕಲ್ಯಾಣಿಯ ಅಜ್ಜಿಗೂ ಅವರ ಫೋಟೊವನ್ನು ಅಂಚೆಯಲ್ಲಿ ಕಳಿಸಿದೆ, ಜೊತೆಗೆ ಅತ್ತೆಯವರು ಕೈಯಾರೆ ಬರೆದ ನಾಲ್ಕು ಸಾಲು.

ನೀವೂ ಹೋಗಿ ಬನ್ನಿ

ಸೋದರಿಯರೇ, ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಇರಬಹುದು, ಅವರಿಗೂ ಒಂದು ಊರು ಇರಬಹುದು. ಕೈಲಾದರೆ ಅವರನ್ನೇ ಕರೆದುಕೊಂಡು ಹೋಗಿ, ಮುಂದಿನ ವರ್ಷ ಎನ್ನಬೇಡಿ. ಆಗದಿದ್ದರೆ ಅವರಿಂದ ಒಂದು ಪಟ್ಟಿ ಬರೆಸಿಕೊಂಡು ನೀವು ಹೋಗಿ. ನನ್ನ ಅನುಭವದಿಂದ ನಾಲ್ಕು ಮಾತು.

ಬರುವವರ ಮುಖ ತುಂಬಿಸಿ ಫೋಟೊ ತೆಗೆಯುವುದಕ್ಕಿಂತ ಊರಿಗೆ ಜಾಗ ಬಿಟ್ಟು ತೆಗೆಯಿರಿ. ಗೋಪುರದ ಜೊತೆಗೆ ಜಗಲಿ, ಹೊಸಿಲು, ಬಾವಿಕಟ್ಟೆ, ಬೀದಿಯ ತಿರುವು, ಇವುಗಳನ್ನೂ ತೆಗೆಯಿರಿ. ಹಿರಿಯರ ನೆನಪು ಇರುವುದು ಅಲ್ಲೇ. ಜನರ ಫೋಟೊ ತೆಗೆಯುವ ಮೊದಲು ಕೇಳಿ, ಕಳಿಸುತ್ತೇನೆಂದರೆ ಕಳಿಸಿ. ಮನೆಗೆ ಬಂದು ದೊಡ್ಡ ಪ್ರಿಂಟ್ ಹಾಕಿಸಿ. ಹಿಂಭಾಗದಲ್ಲಿ ಊರು, ದಿನಾಂಕ, ಹಿರಿಯರು ಹೇಳಿದ ಒಂದು ಸಾಲು ಬರೆದಿಡಿ. ಎಲ್ಲಕ್ಕಿಂತ ಮುಖ್ಯ, ಇದ್ದದ್ದನ್ನು ಇದ್ದಹಾಗೆ ತೋರಿಸಿ.

ಮನೆಯ ಪುಳಿಯೋಗರೆ ಗೊಜ್ಜು

ಬೇಕಾಗುವ ಸಾಮಾನು: ಹುಣಸೆಹಣ್ಣು 100 ಗ್ರಾಂ, ಬೆಲ್ಲ 75 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು ಮೆಣಸಿನಕಾಯಿ 4, ಕೊತ್ತಂಬರಿ ಬೀಜ 3 ದೊಡ್ಡ ಚಮಚ, ಕಡಲೆಬೇಳೆ ಮತ್ತು ಉದ್ದಿನಬೇಳೆ ತಲಾ 1 ದೊಡ್ಡ ಚಮಚ, ಮೆಂತ್ಯ, ಕಾಳುಮೆಣಸು, ಜೀರಿಗೆ ತಲಾ 1 ಸಣ್ಣ ಚಮಚ, ಕರಿಎಳ್ಳು 3 ದೊಡ್ಡ ಚಮಚ, ತುರಿದ ಕೊಬ್ಬರಿ ಅರ್ಧ ಬಟ್ಟಲು, ಎಳ್ಳೆಣ್ಣೆ ಮುಕ್ಕಾಲು ಬಟ್ಟಲು, ಕಡಲೆಕಾಯಿ ಬೀಜ ಅರ್ಧ ಬಟ್ಟಲು, ಸಾಸಿವೆ, ಇಂಗು, ಅರಿಶಿನ, ಕರಿಬೇವು, ಉಪ್ಪು.

ಮಾಡುವ ವಿಧಾನ: ಹುಣಸೆಹಣ್ಣನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಗಟ್ಟಿಯಾಗಿ ರಸ ತೆಗೆಯಿರಿ. ಬೇಳೆಗಳು, ಕೊತ್ತಂಬರಿ ಬೀಜ, ಮೆಂತ್ಯ, ಕಾಳುಮೆಣಸು, ಜೀರಿಗೆ, ಮೆಣಸಿನಕಾಯಿಗಳನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಗೊಜ್ಜು ಕಹಿಯಾಗುತ್ತದೆ, ಎಚ್ಚರ. ಎಳ್ಳನ್ನು ಚಟಪಟ ಎನ್ನುವ ತನಕ ಹುರಿದು ಬೇರೆಯಾಗಿ ಪುಡಿ ಮಾಡಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಕಡಲೆಕಾಯಿ ಬೀಜ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ಅರಿಶಿನ ಹಾಕಿ ಹುಣಸೆ ರಸ ಸುರಿಯಿರಿ. ಹಸಿವಾಸನೆ ಹೋಗುವ ತನಕ ಕುದಿಸಿ ಬೆಲ್ಲ, ಉಪ್ಪು ಸೇರಿಸಿ. ಗಟ್ಟಿಯಾಗಿ ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಮಸಾಲೆ ಪುಡಿ ಹಾಕಿ ಕೈಯಾಡಿಸಿ ಇಳಿಸಿ. ಉದುರುದುರಾಗಿ ಮಾಡಿ ಆರಿಸಿದ ಅನ್ನಕ್ಕೆ ಈ ಗೊಜ್ಜು, ಎಳ್ಳುಪುಡಿ, ಕೊಬ್ಬರಿ, ಕಡಲೆಕಾಯಿ ಬೀಜ ಹಾಕಿ ಕಲಸಿ ಎರಡು ಗಂಟೆ ಬಿಡಿ. ಮಿಕ್ಕ ಗೊಜ್ಜನ್ನು ತೇವವಿಲ್ಲದ ಜಾಡಿಯಲ್ಲಿಡಿ, ಒಣ ಚಮಚವನ್ನೇ ಹಾಕಿ ತೆಗೆಯಿರಿ.

ಕಳೆದ ಭಾನುವಾರ ಇದೇ ಅಳತೆಯಲ್ಲಿ ಮಾಡಿ ಅತ್ತೆಯವರಿಗೆ ಬಡಿಸಿದೆ. ಎರಡು ತುತ್ತು ತಿಂದು, "ನಮ್ಮಮ್ಮ ಇನ್ನೊಂದು ಚೂರು ಬೆಲ್ಲ ಹಾಕ್ತಿದ್ರು. ಉಪ್ಪೂ ಸಾಲ್ದು" ಎಂದರು. ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡರು.